ಗಿಡ ನೆಡಲಿಕ್ಕೆ ಎಂಎಸ್ಸಿ ಯಾಕೆ ಮಾರಾಯ?

ಪರಿಸರ ವಿಜ್ಞಾನ ಓದುತ್ತೇನೆ ಎಂದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮೊದಲು ಎದುರಾಗುವುದು ಈ ಪ್ರಶ್ನೆಯೇ. ಕೇಳುವವರ ತಪ್ಪಿಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದಿತು. ಆಮೇಲೆ ಬಿಎ, ಬಿಕಾಂನವರಿಗೂ ಒಂದು ಪತ್ರಿಕೆ ಬಂತು. ಹಿಂದಿನ ರಾತ್ರಿ ಗೈಡ್ ತಿರುವಿ ಹಾಕಿ ಪಾಸಾದವರೆಲ್ಲ ಪರಿಸರ ವಿಜ್ಞಾನವೆಂದರೆ ಇಷ್ಟೇ ಎಂದುಕೊಂಡರು.

ಎಂಎಸ್ಸಿ ಹಾಗಲ್ಲ. ಹೊಳೆಯ ನೀರನ್ನು ಗಾಳಿಗುಳ್ಳೆ ಉಳಿಯದಂತೆ ಬಾಟಲಿಗೆ ತುಂಬಿ, ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಬೇಕು. ಗಸಿ ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕವಿದೆ, ಬೆಳ್ಳಗೇ ಉಳಿದರೆ ಇಲ್ಲ. ಎಷ್ಟಿದೆ ಎಂಬುದು ಲ್ಯಾಬಿನ ಟೈಟ್ರೇಶನ್‌ನಲ್ಲಿ ಗೊತ್ತಾಗುತ್ತದೆ. ಜೊತೆಗೆ ಸಂಖ್ಯಾಶಾಸ್ತ್ರ, ಉಪಗ್ರಹ ಚಿತ್ರ, ನಕ್ಷೆ. ಕೆಮಿಸ್ಟ್ರಿಗೆ ಹೆದರಿ ಇತ್ತ ಬಂದವರ ಪಾಡು ಕೇಳಬೇಡಿ.

‘ಇಷ್ಟು ಮಳೆ ಸುರಿಯುವ ಊರಿಗೆ ನೀರಿನ ಪಾಠವೇ?’ ಎನ್ನುವವರೂ ಇದ್ದಾರೆ. ಹೊಸನಗರದ ಹುಲಿಕಲ್, ತೀರ್ಥಹಳ್ಳಿಯ ಆಗುಂಬೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆಯ ಜಾಗಗಳು, ನಿಜ. ಆದರೆ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಮನೆಗಳು ಇದೇ ಸೀಮೆಯಲ್ಲಿವೆ. ಉಳಿಯುವುದು ನೆಲದೊಳಗೆ ಇಳಿದ ನೀರು ಮಾತ್ರ. ಜಂಬಿಟ್ಟಿಗೆ ಕಲ್ಲಿನ ತುಂಬ ತೂತು, ಅದು ನೀರು ಕುಡಿಯುತ್ತದೆ. ಅಡಿಯಲ್ಲಿ ಶೇಡಿಯಂಥ ಜಿಗುಟು ಮಣ್ಣು ಅಡ್ಡ ಬಂದರೆ ನೀರು ಕೆಳಗಿಳಿಯಲಾರದೆ ಪಕ್ಕಕ್ಕೆ ಸರಿದು ಗುಡ್ಡದ ಓರೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ.

ವರದಹಳ್ಳಿಯ ಶ್ರೀಧರಾಶ್ರಮದ ತೀರ್ಥದ ಮುಂದೆ ನಿಂತ ವಿದ್ಯಾರ್ಥಿ ಕೇಳುವುದು ಇಂಥದ್ದನ್ನೇ. ಬಕೆಟ್ ಹಿಡಿದರೆ ಎಷ್ಟು ಸೆಕೆಂಡಿಗೆ ತುಂಬುತ್ತದೆ? ಜನವರಿಗೂ ಏಪ್ರಿಲ್‌ಗೂ ಎಷ್ಟು ಅಂತರ? ಹೀಗೆ ಅಳೆದರೆ ಭಕ್ತಿಗೆ ಕುಂದು ಎಂದು ಮುಖ ಗಂಟಿಕ್ಕುವವರಿಗೆ ನನ್ನ ಉತ್ತರ ಇಷ್ಟೇ: ಮೇಲಿನ ಕಾಡು ಬೋಳಾಗಿ ಹರಿವು ತಗ್ಗತೊಡಗಿದರೆ ಅದು ಮೊದಲು ಗೊತ್ತಾಗುವುದು ಲೆಕ್ಕ ಬರೆದಿಟ್ಟವರಿಗೆ. ತೀರ್ಥ ಬತ್ತಿದ ಮೇಲೆ ಕೈಮುಗಿದು ಏನು ಬಂತು?

ಕಲ್ಲು, ಮಣ್ಣಿನ ಈ ಪ್ರಶ್ನೆಗಳು ಭೂವಿಜ್ಞಾನಕ್ಕೂ ಸೇರಿದವು. ಭೂವಿಜ್ಞಾನವೆಂದರೆ ಬಳ್ಳಾರಿಯ ಗಣಿ ಎಂಬುದೂ ಅರೆಬರೆ ತಿಳಿವಳಿಕೆ. ಅಂಬುತೀರ್ಥದ ಶರಾವತಿ ಪಡುವಣ ಕಡಲಿಗೆ ಧುಮುಕುತ್ತದೆ. ವರದಾಮೂಲದ ವರದೆ ಅದೇ ಘಟ್ಟದ ಮೇಲೆ ಹುಟ್ಟಿಯೂ ಬೆನ್ನು ತಿರುಗಿಸಿ, ಗಳಗನಾಥದಲ್ಲಿ ತುಂಗಭದ್ರೆಗೆ ಸೇರಿ ಮೂಡಣ ಕಡಲ ದಾರಿ ಹಿಡಿಯುತ್ತದೆ. ಏಕೆ ಎಂಬುದಕ್ಕೆ ಉತ್ತರ ಹುಡುಕುವುದೂ ಭೂವಿಜ್ಞಾನವೇ.

ಇನ್ನು ಪರಿಸರ ವಿಜ್ಞಾನ, ಭೂವಿಜ್ಞಾನ ಎರಡೂ ಒಂದೇ ಕೋರ್ಸು ಎಂಬ ನಂಬಿಕೆ. ಇದು ಮಾತ್ರ ದುಬಾರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಗೆ ಭೂವಿಜ್ಞಾನದ್ದೇ ಸ್ನಾತಕೋತ್ತರ ಪದವಿ ಬೇಕು. ಪರಿಸರ ವಿಜ್ಞಾನದ ಎಂಎಸ್ಸಿ ನಡೆಯುವುದಿಲ್ಲ. ಅದನ್ನು ಓದಿದವರಿಗೆ ನೀರು, ಗಾಳಿ ಪರೀಕ್ಷಿಸುವ ಪ್ರಯೋಗಾಲಯ, ಪರಿಸರ ಪರಿಣಾಮ ವರದಿಯ ಸಂಸ್ಥೆಗಳು ಇವೆ. 1987ರಲ್ಲಿ ಶುರುವಾದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನಕ್ಕೂ ಅನ್ವಯಿಕ ಭೂವಿಜ್ಞಾನಕ್ಕೂ ಬೇರೆ ಬೇರೆ ವಿಭಾಗಗಳಿವೆ. ಅರ್ಜಿ ತುಂಬುವ ಮೊದಲು ಬೇಕಾದ ಹುದ್ದೆಯ ಹಳೆಯ ಅಧಿಸೂಚನೆಯೊಂದನ್ನು ತೆಗೆದು ‘ಅರ್ಹತೆ’ ಎಂಬ ಕಾಲಂ ಓದಿಕೊಳ್ಳಿ.