ಕೇಳುವ ಕಿವಿಗೂ ಹೊಣೆಯಿದೆ

ನಮ್ಮ ಮನೆಗಳಲ್ಲಿ ರೇಡಿಯೋ ಬಹುಕಾಲ ಅಡುಗೆಮನೆಯ ಸಂಗಾತಿಯಾಗಿತ್ತು. ಬೆಳಗ್ಗೆ ಪ್ರದೇಶ ಸಮಾಚಾರ, ಮಧ್ಯಾಹ್ನ ಬೀಡಿ ಕಟ್ಟುವಾಗ ಹಾಡು, ಸಂಜೆ ರೈತರಿಗಾಗಿ ಒಂದಿಷ್ಟು ಮಾತು. ಅದು ಯಾರ ಮೇಲೂ ಸಿಟ್ಟು ಮಾಡುತ್ತಿರಲಿಲ್ಲ. ಅಮೆರಿಕದ ರೇಡಿಯೋಗೆ ಇನ್ನೊಂದು ಮುಖವಿದೆ. ಅಲ್ಲಿನ ನೂರಾರು ನಿಲಯಗಳಲ್ಲಿ ಹಾಡೇ ಇಲ್ಲ, ಬರೀ ಮಾತು. ನಿರೂಪಕನೊಬ್ಬ ಮೈಕಿನ ಮುಂದೆ ಕುಳಿತು ಗಂಟೆಗಟ್ಟಲೆ ರಾಜಕೀಯ ಮಾತನಾಡುತ್ತಾನೆ. ಊರಿನ ತೆರಿಗೆ, ಶಾಲೆಯ ಪಾಠ, ಬಂದೂಕಿನ ಹಕ್ಕು, ಗರ್ಭಪಾತ, ವಲಸಿಗರು ಹೀಗೆ ಯಾವ ವಿಷಯವೂ ಆಗಬಹುದು. ಕೇಳುಗರು ಫೋನ್ ಮಾಡಿ ದನಿಗೂಡಿಸುತ್ತಾರೆ. 'ಟಾಕ್ ರೇಡಿಯೋ' ಎಂದು ಕರೆಯಲ್ಪಡುವ ಈ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಸಂಪ್ರದಾಯವಾದಿ ಬಲಪಂಥೀಯರ ಕೈಯಲ್ಲಿವೆ.

2006ರ ನವೆಂಬರ್ 26, ಭಾನುವಾರ. ರಾಜಧಾನಿ ವಾಷಿಂಗ್ಟನ್‌ನ ಡಬ್ಲ್ಯುಎಂಎಎಲ್ ಎಂಬ ಟಾಕ್ ರೇಡಿಯೋ ನಿಲಯದಲ್ಲಿ ಜೆರ್ರಿ ಕ್ಲೈನ್ ಎಂಬ ನಿರೂಪಕ ಒಂದು ಸಲಹೆ ಮುಂದಿಟ್ಟ. ಅಮೆರಿಕದ ಮುಸ್ಲಿಮರನ್ನು ಗುರುತಿಸಲು ಅವರ ತೋಳಿಗೆ ಪಟ್ಟಿ ಕಟ್ಟಬೇಕು ಅಥವಾ ಮೈಮೇಲೆ ಅರ್ಧಚಂದ್ರದ ಹಚ್ಚೆ ಹಾಕಬೇಕು ಎಂಬುದೇ ಆ ಸಲಹೆ. ಕೆಲವೇ ದಿನಗಳ ಹಿಂದೆ ಮಿನಿಯಾಪೊಲಿಸ್‌ನಲ್ಲಿ ಆರು ಮಂದಿ ಇಮಾಮರನ್ನು ವಿಮಾನದಿಂದ ಕೆಳಗಿಳಿಸಲಾಗಿತ್ತು. ಅದರ ಬಿಸಿ ಇನ್ನೂ ಆರಿರಲಿಲ್ಲ.

ನಿಲಯದ ಫೋನುಗಳು ಎಡೆಬಿಡದೆ ರಿಂಗಣಿಸತೊಡಗಿದವು. ಮೊದಲು ಕರೆ ಮಾಡಿದವನು, ನಿಮಗೆ ತಲೆ ಕೆಟ್ಟಿದೆ ಎಂದ. ಎರಡನೆಯವನು ಕ್ಲೈನ್‌ನನ್ನು ಅಭಿನಂದಿಸಿದ. ಹಚ್ಚೆ ಹಾಕಿದರೆ ಸಾಲದು, ಅವರನ್ನು ದೇಶದಿಂದಲೇ ಹೊರಗೆ ಕಳುಹಿಸಬೇಕು ಎಂದ. ಇನ್ನೊಬ್ಬ ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಇರಿಸಿದಂತೆ ಶಿಬಿರಗಳಲ್ಲಿ ಕೂಡಿಹಾಕಬೇಕು ಎಂದ.

ಒಂದು ಗಂಟೆಯ ಕಾರ್ಯಕ್ರಮದ ಕೊನೆಗೆ ಕ್ಲೈನ್ ಗುಟ್ಟು ಬಿಚ್ಚಿದ. ತಾನು ಹೇಳಿದ್ದೆಲ್ಲ ನಟನೆ, ಜನ ಎಲ್ಲಿಯವರೆಗೆ ಹೋಗುತ್ತಾರೆಂದು ನೋಡಲು ಹಾಗೆ ಹೇಳಿದೆ ಎಂದ. ಆ ಮಾತುಗಳಿಗೆ ಒಪ್ಪಿಗೆ ಸೂಚಿಸಿದವರನ್ನು ಕಂಡು ಅಸಹ್ಯವಾಗುತ್ತದೆ ಎಂದ. ಜರ್ಮನಿಯಲ್ಲಿ ಯಹೂದಿಯರಿಗೆ ಆದದ್ದನ್ನು ಅಲ್ಲಿನ ಸಾಮಾನ್ಯ ಜನರು ಹೇಗೆ ಆಗಗೊಟ್ಟರು ಎಂಬುದನ್ನು ನೀವೇ ತೋರಿಸಿಕೊಟ್ಟಿರಿ ಎಂದ.

ಆ ದಿನ ಫೋನ್ ಮಾಡಿದವರು ಗೂಂಡಾಗಳಲ್ಲ. ಯಾರದೋ ತಂದೆ, ಯಾರದೋ ನೆರೆಯವರು. ಅಂಥವರ ಬಾಯಲ್ಲಿ ಈ ಮಾತು ಹೇಗೆ ಬಂತು?

ಇನ್ನೊಂದು ಪಕ್ಷದ ಮಾತು

ಇದನ್ನು ತಿಳಿಯಲು ತುಸು ಹಿಂದೆ ಹೋಗಬೇಕು. 1949ರಲ್ಲಿ ಅಮೆರಿಕದ ಪ್ರಸಾರ ಆಯೋಗವು 'ಫೇರ್‌ನೆಸ್ ಡಾಕ್ಟ್ರಿನ್', ಅಂದರೆ ನ್ಯಾಯಸಮ್ಮತಿಯ ನೀತಿಯನ್ನು ಜಾರಿಗೆ ತಂದಿತು. ವಿವಾದದ ವಿಷಯಗಳನ್ನು ಚರ್ಚಿಸುವ ನಿಲಯಗಳು ಬೇರೆ ಬೇರೆ ಅಭಿಪ್ರಾಯಗಳಿಗೂ ಅವಕಾಶ ಕೊಡಬೇಕಿತ್ತು. ಯಾರದಾದರೂ ಚಾರಿತ್ರ್ಯದ ಮೇಲೆ ದಾಳಿ ಮಾಡಿದರೆ ಅವರಿಗೆ ತಿಳಿಸಿ ಉತ್ತರಿಸಲು ಸಮಯವನ್ನೂ ಕೊಡಬೇಕಿತ್ತು.

1964ರಲ್ಲಿ ಪೆನ್ಸಿಲ್ವೇನಿಯದ ಒಂದು ಸಣ್ಣ ನಿಲಯದಲ್ಲಿ ಪಾದ್ರಿಯೊಬ್ಬರು ಫ್ರೆಡ್ ಕುಕ್ ಎಂಬ ಲೇಖಕರನ್ನು ನಿಂದಿಸಿದರು. ಕುಕ್ ಉತ್ತರಿಸಲು ಸಮಯ ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1969ರಲ್ಲಿ ನ್ಯಾಯಾಲಯ ಕುಕ್ ಪರವಾಗಿ ನಿಂತಿತು. ಆಕಾಶದ ತರಂಗಗಳ ವಿಚಾರದಲ್ಲಿ ಪ್ರಸಾರ ಮಾಡುವವರ ಹಕ್ಕಿಗಿಂತ ಕೇಳುಗರ ಹಕ್ಕು ದೊಡ್ಡದು ಎಂಬುದು ತೀರ್ಪಿನ ಸಾರ.

ಈ ನೀತಿಗೆ ವಿರೋಧವೂ ಇತ್ತು. ತೊಂದರೆ ಬೇಡವೆಂದು ನಿಲಯಗಳು ವಿವಾದದ ವಿಷಯಗಳನ್ನೇ ಮುಟ್ಟುವುದಿಲ್ಲ, ಇದರಿಂದ ಮಾತಿನ ಸ್ವಾತಂತ್ರ್ಯಕ್ಕೇ ಧಕ್ಕೆ ಎಂದು ಟೀಕಾಕಾರರು ಹೇಳಿದರು. ಆ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. 1987ರಲ್ಲಿ ಆಯೋಗ ಈ ನೀತಿಯನ್ನು ಕೈಬಿಟ್ಟಿತು. ನಿಂದನೆಗೊಳಗಾದವರಿಗೆ ಉತ್ತರಿಸುವ ಅವಕಾಶ ಕೊಡುವ ನಿಯಮ 2000ದಲ್ಲಿ ಇಲ್ಲವಾಯಿತು.

ಆ ಹೊತ್ತಿಗೆ ಹಾಡುಗಳೆಲ್ಲ ಎಫ್‌ಎಂಗೆ ಹೋಗಿ, ಹಳೆಯ ಎಎಂ ನಿಲಯಗಳು ಕೇಳುಗರಿಲ್ಲದೆ ಸೊರಗಿದ್ದವು. 1988ರ ಆಗಸ್ಟಿನಲ್ಲಿ ರಶ್ ಲಿಂಬಾ ಎಂಬ ನಿರೂಪಕನ ಕಾರ್ಯಕ್ರಮ ದೇಶದುದ್ದಕ್ಕೂ ಆರಂಭವಾಯಿತು. ದಿನಕ್ಕೆ ಮೂರು ಗಂಟೆ, ಒಬ್ಬನದೇ ಮಾತು. ಕ್ರಮೇಣ ಅದು 600ಕ್ಕೂ ಹೆಚ್ಚು ನಿಲಯಗಳಿಗೆ ಹಬ್ಬಿತು. 1994ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ 40 ವರ್ಷಗಳ ಬಳಿಕ ಕೆಳಮನೆಯಲ್ಲಿ ಬಹುಮತ ಗಳಿಸಿದಾಗ, ಹೊಸ ಸದಸ್ಯರು ಲಿಂಬಾನಿಗೆ ತಮ್ಮ ಗುಂಪಿನ ಗೌರವ ಸದಸ್ಯತ್ವವನ್ನೇ ಕೊಟ್ಟರು. 2020ರಲ್ಲಿ ದೇಶದ ಅತ್ಯುನ್ನತ ನಾಗರಿಕ ಪದಕ ಪಡೆದ ಆತ 2021ರ ಫೆಬ್ರವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ.

ಎಲ್ಲವೂ ಕೆಟ್ಟದ್ದಲ್ಲ

ಟಾಕ್ ರೇಡಿಯೋ ಕೇಳುವವರೆಲ್ಲ ದ್ವೇಷಿಗಳೆಂದು ಹೇಳಿದರೆ ಅದೂ ಅನ್ಯಾಯವೇ. ದೊಡ್ಡ ಪತ್ರಿಕೆಗಳು ತಮ್ಮ ಮಾತು ಕೇಳುವುದಿಲ್ಲ ಎಂಬ ನೋವು ಅನೇಕರಿಗಿತ್ತು. ಸಂಸದರು ತಮ್ಮ ಸಂಬಳವನ್ನು ಒಮ್ಮೆಗೇ ಶೇ. 51ರಷ್ಟು ಏರಿಸಿಕೊಳ್ಳಲು ಹೊರಟಾಗ ರೇಡಿಯೋ ನಿರೂಪಕರು ಜನರನ್ನು ಎಬ್ಬಿಸಿದರು. ಜನ ಪ್ರತಿಭಟನೆಯ ಗುರುತಾಗಿ ಚಹಾದ ಪೊಟ್ಟಣಗಳನ್ನು ಸಂಸದರಿಗೆ ಅಂಚೆಯಲ್ಲಿ ಕಳುಹಿಸಿದರು. 1989ರ ಫೆಬ್ರವರಿಯಲ್ಲಿ ಸಂಸತ್ತು ಆ ಪ್ರಸ್ತಾಪವನ್ನು ಕೈಬಿಡಬೇಕಾಯಿತು.

ಕುಟುಂಬ, ದೇವಭಕ್ತಿ, ಮಕ್ಕಳ ಶಿಸ್ತಿನ ಕುರಿತು ಈ ನಿರೂಪಕರು ಆಡುವ ಎಷ್ಟೋ ಮಾತುಗಳಿಗೆ ನಮ್ಮ ಮನೆಯ ಹಿರಿಯರೂ ತಲೆದೂಗಬಹುದು. 2000ದ ಚುನಾವಣೆಯಲ್ಲಿ ಅಮೆರಿಕದ ಪ್ರಮುಖ ಮುಸ್ಲಿಂ ಸಂಘಟನೆಗಳ ಒಕ್ಕೂಟವೇ ಸಂಪ್ರದಾಯವಾದಿ ಜಾರ್ಜ್ ಬುಶ್‌ಗೆ ಬೆಂಬಲ ಸೂಚಿಸಿತ್ತು. ತೊಡಕು ಸಂಪ್ರದಾಯದಲ್ಲಿಲ್ಲ. ಎದುರು ಪಕ್ಷದವನಿಗೆ ಬಾಯಿಯೇ ಇಲ್ಲದ ಕೋಣೆಯಲ್ಲಿ ಅವನ ವಿಚಾರಣೆ ನಡೆಸುವುದರಲ್ಲಿದೆ.

2005ರಲ್ಲಿ ಅದೇ ಡಬ್ಲ್ಯುಎಂಎಎಲ್‌ನ ಇನ್ನೊಬ್ಬ ನಿರೂಪಕ ಮೈಕೆಲ್ ಗ್ರಹಾಂ, ಇಸ್ಲಾಂ ಒಂದು ಭಯೋತ್ಪಾದಕ ಸಂಘಟನೆಯೆಂದು ಮತ್ತೆ ಮತ್ತೆ ಹೇಳಿದ್ದ. ಮುಸ್ಲಿಂ ಸಂಘಟನೆಯೊಂದು ದೂರಿತು, ಕೇಳುಗರು ಪತ್ರ ಬರೆದರು. ಆತ ತಪ್ಪೊಪ್ಪಿಕೊಳ್ಳದಿದ್ದಾಗ ನಿಲಯ ಆತನನ್ನು ಕೆಲಸದಿಂದ ತೆಗೆಯಿತು.

2006ರಲ್ಲಿ ಕೀತ್ ಎಲಿಸನ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮ್ ಎನಿಸಿದರು. ಕ್ಲೈನ್‌ನ ಕಾರ್ಯಕ್ರಮ ನಡೆದ ವಾರದಲ್ಲೇ ರೇಡಿಯೋ ನಿರೂಪಕ ಡೆನಿಸ್ ಪ್ರೇಗರ್, ಎಲಿಸನ್ ಕುರ್‌ಆನ್ ಮುಟ್ಟಿ ಪ್ರಮಾಣವಚನ ಸ್ವೀಕರಿಸಬಾರದು ಎಂದು ಬರೆದ. ಅಮೆರಿಕದ ಸಂವಿಧಾನವೋ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ದಿನವೂ ವ್ಯಕ್ತಿಸ್ವಾತಂತ್ರ್ಯದ ಪರ ಮಾತನಾಡುವ ವೇದಿಕೆಯಿಂದ ಬಂದವನು ಒಬ್ಬ ಮುಸ್ಲಿಮನ ಸ್ವಾತಂತ್ರ್ಯದ ಸರದಿ ಬಂದಾಗ ಬೇಡವೆಂದ! ಎಲಿಸನ್ ಜಗಳಕ್ಕಿಳಿಯಲಿಲ್ಲ. 2007ರ ಜನವರಿಯಲ್ಲಿ ಅವರು ಕೈಯಿಟ್ಟದ್ದು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಳಿಯಿದ್ದ, ಸಂಸತ್ತಿನ ಗ್ರಂಥಾಲಯದಲ್ಲಿ ಜೋಪಾನವಾಗಿರುವ ಕುರ್‌ಆನ್ ಅನುವಾದದ ಮೇಲೆ.

ಹೆಣ್ಣಿನ ಮಾನದ ಪ್ರಶ್ನೆ

ನಾಲಿಗೆ ಸಡಿಲವಾದರೆ ಅದು ಒಂದು ಧರ್ಮದವರ ಬಳಿಯೇ ನಿಲ್ಲುವುದಿಲ್ಲ. 2012ರಲ್ಲಿ ಸಾಂಡ್ರಾ ಫ್ಲೂಕ್ ಎಂಬ ಕಾನೂನು ವಿದ್ಯಾರ್ಥಿನಿ, ಆರೋಗ್ಯ ವಿಮೆಯಲ್ಲಿ ಗರ್ಭನಿರೋಧಕಗಳೂ ಸೇರಬೇಕೆಂದು ಜನಪ್ರತಿನಿಧಿಗಳ ಮುಂದೆ ವಾದಿಸಿದರು. ಲಿಂಬಾ ಆಕೆಯನ್ನು ಬಾನುಲಿಯಲ್ಲಿ ದಿನಗಟ್ಟಲೆ ಹೊಲಸು ಪದಗಳಿಂದ ಕರೆದ. ಆಕೆಯ ವಾದವನ್ನು ನಮ್ಮಲ್ಲಿ ಅನೇಕರು ಒಪ್ಪದಿರಬಹುದು. ಆದರೆ ವಾದ ಒಪ್ಪದಿರುವುದಕ್ಕೂ ಒಬ್ಬ ಹೆಣ್ಣುಮಗಳ ಶೀಲವನ್ನು ಲಕ್ಷಾಂತರ ಜನರೆದುರು ಹರಾಜಿಗಿಡುವುದಕ್ಕೂ ಅಜಗಜಾಂತರವಿದೆ. ಜಾಹೀರಾತುದಾರರು ಒಬ್ಬೊಬ್ಬರಾಗಿ ಕೈಬಿಡತೊಡಗಿದಾಗ ಲಿಂಬಾ ಕ್ಷಮೆ ಕೇಳಬೇಕಾಯಿತು.

ಈ ಘಟನೆಯನ್ನು ಓದುವ ಮುಸ್ಲಿಂ ಮಹಿಳೆಗೆ ಮದೀನಾದ ನೆನಪು ಬಾರದಿರದು. ಪ್ರವಾದಿ ಪತ್ನಿ ಹ. ಆಯಿಶಾ(ರ)ರ ಮೇಲೆ ಕಪಟಿಗಳು ಅಪವಾದ ಹೊರಿಸಿದ್ದರು. ಅಂದು ಮೈಕ್ ಇರಲಿಲ್ಲ. ಆದರೂ ಸುಮಾರು ಒಂದು ತಿಂಗಳು ಆ ಮಾತು ಬಾಯಿಂದ ಬಾಯಿಗೆ ಹರಿಯಿತು. ಕೆಲವು ಒಳ್ಳೆಯವರೂ ಅದರಲ್ಲಿ ಜಾರಿದರು. ಆಯಿಶಾ(ರ) ಅತ್ತು ಅತ್ತು ಬಳಲಿದರು. ಕೊನೆಗೆ ಅಲ್ಲಾಹನೇ ಅವರ ಪಾವಿತ್ರ್ಯವನ್ನು ಸಾರಿದನು. ಸೂರಃ ಅನ್ನೂರ್‌ನ ಆ ಸೂಕ್ತಗಳು ಸುಳ್ಳು ಕಟ್ಟಿದವರನ್ನು ಮಾತ್ರ ಖಂಡಿಸುವುದಿಲ್ಲ. ಅದನ್ನು ಕೇಳಿದಾಗಲೇ ಸತ್ಯವಿಶ್ವಾಸಿ ಸ್ತ್ರೀಪುರುಷರು ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲವೆಂದು ಕೇಳುಗರನ್ನೂ ಪ್ರಶ್ನಿಸುತ್ತವೆ.

ಆ ದಿನಗಳಲ್ಲಿ ಹ. ಅಬೂ ಅಯ್ಯೂಬ್ ಅನ್ಸಾರಿ(ರ)ರ ಮನೆಯಲ್ಲಿ ನಡೆದ ಮಾತುಕತೆ ವರದಿಯಾಗಿದೆ. ಜನರ ಮಾತು ಕೇಳಿದಿರಾ ಎಂದು ಪತ್ನಿ ಕೇಳಿದರು. ಕೇಳಿದೆ, ಅದು ಸುಳ್ಳು ಎಂದ ಅವರು, ನೀನಾಗಿದ್ದರೆ ಹಾಗೆ ಮಾಡುತ್ತಿದ್ದೆಯಾ ಎಂದು ಮರುಪ್ರಶ್ನೆ ಹಾಕಿದರು. ಅಲ್ಲಾಹನಾಣೆ, ಇಲ್ಲ ಎಂದರು ಪತ್ನಿ. ಹಾಗಾದರೆ ಆಯಿಶಾ ನಿನಗಿಂತಲೂ ಉತ್ತಮಳು ಎಂದರು ಅಬೂ ಅಯ್ಯೂಬ್(ರ). ಊರೆಲ್ಲ ಸುತ್ತಿದ ಆ ಮಾತು ಆ ಮನೆಯ ಹೊಸ್ತಿಲಲ್ಲೇ ನಿಂತಿತು.

ನಮ್ಮ ಮನೆಯ ಹೊಸ್ತಿಲು

ನಮ್ಮ ದೇಶದಲ್ಲಿಯೂ ಆಕಾಶ ತರಂಗಗಳು ಸಾರ್ವಜನಿಕ ಆಸ್ತಿಯೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. 2001ರಲ್ಲಿ ಬೆಂಗಳೂರಿನಿಂದ ಖಾಸಗಿ ಎಫ್‌ಎಂ ಯುಗ ಆರಂಭವಾದಾಗ ಅವುಗಳಿಗೆ ಸ್ವಂತ ಸುದ್ದಿ ಬಿತ್ತರಿಸಲು ಅನುಮತಿ ಇರಲಿಲ್ಲ. ಆದ್ದರಿಂದ ಅಮೆರಿಕದಂಥ ರೇಡಿಯೋ ಇಲ್ಲಿ ಬೆಳೆಯಲಿಲ್ಲ. ಆದರೆ ಆ ಧಾಟಿ ಟಿವಿ ಚರ್ಚೆಗಳ ಮೂಲಕ, ಮೊಬೈಲಿನ ಧ್ವನಿ ಸಂದೇಶಗಳ ಮೂಲಕ ನಮ್ಮ ಮನೆಯೊಳಗೂ ಬಂದಿದೆ. 2020ರ ಕೊರೋನಾ ದಿನಗಳಲ್ಲಿ ತಬ್ಲೀಗ್ ಹೆಸರಿನಲ್ಲಿ ನಡೆದ ಪ್ರಚಾರವನ್ನು ನಾವು ಮರೆತಿಲ್ಲ. ಕರ್ನಾಟಕದ ಕೆಲವರು ಸುಮ್ಮನೆ ಕೂರದೆ ದೂರು ಬರೆದರು. 2021ರಲ್ಲಿ ಸುದ್ದಿವಾಹಿನಿಗಳದ್ದೇ ನಿಯಂತ್ರಣ ಪ್ರಾಧಿಕಾರ ಎರಡು ಕನ್ನಡ ವಾಹಿನಿಗಳಿಗೆ ದಂಡ ವಿಧಿಸಿತು. ಸಂಯಮದಿಂದ ಬರೆದ ದೂರಿಗೂ ಬೆಲೆಯಿದೆ.

ಆದರೆ ದೂರುವುದಷ್ಟೇ ನಮ್ಮ ಕೆಲಸವೇ? ಪಕ್ಕದ ಸಮುದಾಯದ ಬಗ್ಗೆ, ಇನ್ನೊಂದು ಸಂಘಟನೆಯ ಬಗ್ಗೆ, ಯಾರದೋ ಮಗಳ ಬಗ್ಗೆ ಬಂದ ಧ್ವನಿ ಸಂದೇಶವನ್ನು ಪೂರ್ತಿ ಕೇಳುವ ಮೊದಲೇ ನಾವು ಹತ್ತು ಮಂದಿಗೆ ದಾಟಿಸಿಲ್ಲವೇ? ಸುದ್ದಿ ತಂದವನನ್ನು ಪರೀಕ್ಷಿಸಿರಿ ಎಂಬ ಕುರ್‌ಆನಿನ ಆದೇಶ ಇತರರಿಗಷ್ಟೇ ಅಲ್ಲ.

ಸಹೋದರಿಯರೇ, ಮನೆಯಲ್ಲಿ ಮಕ್ಕಳು ಮೊದಲು ಕಲಿಯುವುದು ನಮ್ಮ ಮುಖ ನೋಡಿ. ಮುಂದಿನ ಸಲ ಅಂಥ ಸಂದೇಶ ಬಂದಾಗ ಅವರೆದುರೇ ಕೇಳೋಣ: ಇದನ್ನು ಹೇಳಿದವರು ಯಾರು? ಯಾರ ಬಗ್ಗೆ ಹೇಳಿದ್ದಾರೋ ಅವರ ಮಾತು ಎಲ್ಲಿ? ನಮ್ಮ ಬಗ್ಗೆ ಯಾರಾದರೂ ಹೀಗೆ ಹೇಳಿದರೆ ಒಪ್ಪುತ್ತೇವೆಯೇ?

ಆ ಭಾನುವಾರ ವಾಷಿಂಗ್ಟನ್‌ನಲ್ಲಿ ಮೊದಲು ಫೋನ್ ಮಾಡಿದವನ ಹೆಸರು ನಮಗೆ ಬೇಕಿಲ್ಲ. ಅವನು ಮುಸ್ಲಿಮರ ಪರ ಭಾಷಣ ಬಿಗಿಯಲಿಲ್ಲ. ನಿನಗೆ ತಲೆ ಕೆಟ್ಟಿದೆ ಎಂದಷ್ಟೇ ಹೇಳಿದ. ಕೆಲವೊಮ್ಮೆ ಅಷ್ಟು ಹೇಳುವುದೇ ಸಾಕಾಗುತ್ತದೆ. ಹಾಗೆ ಹೇಳುವವರಲ್ಲಿ ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ.