‘ಸ್ವಲ್ಪ ಬುದ್ಧಿ ಹೇಳಿ ಸಾರ್’

ಪಿಯುಸಿ ಓದುವ ಹುಡುಗಿಗೆ ಬೆಳಗಾದರೆ ಹೊಟ್ಟೆನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗುವುದಿಲ್ಲ; ಕಾಲೇಜಿಗೆ ರಜೆ ಇದ್ದ ದಿನ ನೋವೂ ಇಲ್ಲ. ಕೊನೆಗೆ ಯಾರದೋ ಸಲಹೆಯಂತೆ ಮನಃಶಾಸ್ತ್ರಜ್ಞರ ಬಳಿ ಕರೆತರುವ ಅಪ್ಪ ಅಮ್ಮನ ಕೋರಿಕೆ ಒಂದೇ: ‘ಸ್ವಲ್ಪ ಬುದ್ಧಿ ಹೇಳಿ ಸಾರ್.’ ಬುದ್ಧಿ ಹೇಳುವವರಿಗೆ ನಮ್ಮ ಮನೆಗಳಲ್ಲಿ ಬರವೇ? ಥೆರಪಿಯ ಕೆಲಸ ಬೇರೆಯೇ.

ಇಂಥ ಮಕ್ಕಳು ಅಪರೂಪವೇನಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು.

ಮೊದಲ ಭೇಟಿ ಬಹುಪಾಲು ಪ್ರಶ್ನೆಗಳಲ್ಲೇ ಕಳೆಯುತ್ತದೆ. ನಿದ್ದೆ, ಊಟ, ಗೆಳೆಯರು, ಪರೀಕ್ಷೆ, ಮೊಬೈಲು. ಸಾಯಬೇಕು ಅನ್ನಿಸಿದ್ದುಂಟೇ ಎಂದೂ ಕೇಳುತ್ತಾರೆ. ಕೇಳಿದರೆ ಮಕ್ಕಳ ತಲೆಯಲ್ಲಿ ಆ ಯೋಚನೆ ಬಿತ್ತಿದಂತಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರವಿಲ್ಲ. ಹೆತ್ತವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದೂ ಉಂಟು. ಒಳಗಿನ ಮಾತು ಒಳಗೇ ಉಳಿಯುತ್ತದೆ. ಜೀವಕ್ಕೆ ಅಪಾಯವಿದ್ದರೆ, ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮಾತ್ರ ಆ ನಿಯಮ ಸಡಿಲವಾಗುತ್ತದೆ. ಇದನ್ನು ಮೊದಲ ದಿನವೇ ಸ್ಪಷ್ಟಪಡಿಸುವುದು ಒಳ್ಳೆಯ ಚಿಕಿತ್ಸಕರ ಲಕ್ಷಣ.

ಹೊಟ್ಟೆನೋವಾಗಿ ಕಾಣಿಸಿಕೊಳ್ಳುವ ಇಂಥ ಆತಂಕಕ್ಕೆ ಹೆಚ್ಚು ಬಳಕೆಯಲ್ಲಿರುವುದು ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಗಳೆರಡನ್ನೂ ತಿದ್ದುವ ಚಿಕಿತ್ಸೆ. ತರಗತಿಯಲ್ಲಿ ಬಾಯಿ ಬಿಡಲು ಹೆದರುವ ಈ ಹುಡುಗಿಯ ಕೈಗೆ ಕಾಗದ ಕೊಟ್ಟು ಭಯದ ಮೆಟ್ಟಿಲುಗಳನ್ನು ಬರೆಸುತ್ತಾರೆ. ಪಕ್ಕದವಳ ಬಳಿ ನೋಟ್ಸ್ ಕೇಳುವುದಕ್ಕೆ ಹತ್ತರಲ್ಲಿ ಮೂರು ಅಂಕದ ಭಯ. ಹಾಜರಿಗೆ ಗಟ್ಟಿಯಾಗಿ ‘ಎಸ್ ಮಿಸ್’ ಎನ್ನಲು ಐದು. ಎದ್ದುನಿಂತು ಅನುಮಾನ ಕೇಳಲು ಒಂಬತ್ತು. ಆ ವಾರದ ಹೋಂವರ್ಕ್ ಮೂರರ ಮೆಟ್ಟಿಲು ಮಾತ್ರ.

ಇದರ ಹಿಂದಿನ ತರ್ಕ ಸರಳ. ಹೆದರಿಸುವ ಸಂಗತಿಯಿಂದ ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದೆ. ಆ ಹಾಯೇ ಬಹುಮಾನವಾಗಿ, ಮಿದುಳು ತಪ್ಪಿಸಿಕೊಳ್ಳುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ನೆನೆಸಿದ ಅನಾಹುತ ನಡೆಯುವುದೇ ಇಲ್ಲ ಎಂದು ತಿಳಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಭಯವನ್ನು ಎದುರಿಸಿದಾಗ ಹಳೆಯ ನೆನಪು ಅಳಿಸಿಹೋಗದು, ಅದಕ್ಕೆ ಪೈಪೋಟಿ ಕೊಡುವ ಹೊಸ ಕಲಿಕೆ ಹುಟ್ಟುತ್ತದೆ. ಅದಕ್ಕೇ ಬೇರೆ ಬೇರೆ ಕಡೆ, ಮತ್ತೆ ಮತ್ತೆ ಅಭ್ಯಾಸ ಬೇಕು. ಭಾವನೆಗಳಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆದ್ದರಿಂದ ಹದಿಹರೆಯದವರ ವಿಷಯದಲ್ಲಿ ತಾಳ್ಮೆಯೂ ಬೇಕು.

ಫಲ ಎಷ್ಟು? 7ರಿಂದ 17 ವರ್ಷದ, ಆತಂಕದಿಂದ ಬಳಲುತ್ತಿದ್ದ 488 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 12 ವಾರಗಳಲ್ಲಿ ಸಿಬಿಟಿ ಪಡೆದವರಲ್ಲಿ ಸುಮಾರು ಶೇ 60, ಸರ್ಟ್ರಲೀನ್ ಮಾತ್ರೆ ಪಡೆದವರಲ್ಲಿ ಶೇ 55, ಎರಡನ್ನೂ ಪಡೆದವರಲ್ಲಿ ಶೇ 81 ಮಂದಿ ಚೆನ್ನಾಗಿ ಚೇತರಿಸಿಕೊಂಡರು. ಹುಸಿಮಾತ್ರೆ ನುಂಗಿದವರಲ್ಲಿ ಶೇ 24. ಮಾತ್ರೆ ಎಂದೊಡನೆ ಬೆಚ್ಚುವ ಹೆತ್ತವರೂ, ಮಾತಿನಲ್ಲೇನಿದೆ ಎನ್ನುವವರೂ ಈ ಅಂಕಿಗಳನ್ನು ಗಮನಿಸಬೇಕು. ಎಲ್ಲರಿಗೂ ಗುಣವಾಗಲಿಲ್ಲ ಎಂಬುದನ್ನೂ.

ಮನೆಗೆ ಮರಳುವಾಗ ಆಟೊದಲ್ಲೇ ‘ಏನು ಹೇಳಿದ್ರು, ನೀನೇನು ಹೇಳಿದೆ?’ ಎಂಬ ವಿಚಾರಣೆ ಬೇಡ. ಮೂರ್ನಾಲ್ಕು ಭೇಟಿಗಳಾದರೂ ಮಗುವಿಗೆ ಚಿಕಿತ್ಸಕರ ಮೇಲೆ ವಿಶ್ವಾಸ ಮೂಡದಿದ್ದರೆ ಬೇರೆಯವರನ್ನು ನೋಡಿ, ಸಂಕೋಚ ಬೇಡ. ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.