ಜಿನ್ ಬಾಟಲಿ ಸೇರಿದ ಗ್ರಂಥಿಗೆ ಅಂಗಡಿ

ವಿಶಾಖಪಟ್ಟಣ: ಲಾವಂಚ, ಮಜ್ಜಿಗೆ ಹುಲ್ಲು, ಅರಿಶಿನ, ಜಾಪತ್ರೆ, ಬಾಲಮೆಣಸು. ಕೇಳಿದವರಿಗೆ ಇದು ಗ್ರಂಥಿಗೆ ಅಂಗಡಿಯ ಚೀಟಿ ಎನಿಸಬಹುದು. ಆದರೆ ಇವೆಲ್ಲ ಈಗ ಜಿನ್ ಎಂಬ ಮದ್ಯದ ಬಾಟಲಿ ಸೇರಿವೆ. ಸಣ್ಣ ಪ್ರಮಾಣದಲ್ಲಿ ತಯಾರಾಗುವ ಇಂಥ 'ಕ್ರಾಫ್ಟ್ ಜಿನ್'ಗಳು ದೇಶದಲ್ಲಿ ಸುದ್ದಿ ಮಾಡತೊಡಗಿದ್ದು 2017ರ ನಂತರ.

ಜಿನ್ ಮಾಡುವ ಕ್ರಮ ಸರಳ. ಧಾನ್ಯದಿಂದ ಇಳಿಸಿದ, ರುಚಿಯಿಲ್ಲದ ಮದ್ಯಸಾರದಲ್ಲಿ ಜುನಿಪರ್ ಎಂಬ ಪೊದೆಯ ಕಾಯಿ ಹಾಗೂ ಬೇರು, ಸಿಪ್ಪೆ, ಮಸಾಲೆಗಳನ್ನು ನೆನೆಸಿ ತಾಮ್ರದ ಹಂಡೆಯಲ್ಲಿ ಮತ್ತೆ ಭಟ್ಟಿ ಇಳಿಸುತ್ತಾರೆ. ಬಳಿಕ ನೀರು ಬೆರೆಸಿ ಹದ ಮಾಡುತ್ತಾರೆ. ಜುನಿಪರ್ ಇಲ್ಲದಿದ್ದರೆ ಅದು ಜಿನ್ ಅಲ್ಲ. ಉಳಿದದ್ದು ತಯಾರಕರ ಕೈಚಳಕ.

ಗೋವಾದ 'ಹಪುಸಾ' ಹಿಮಾಲಯದ ಜುನಿಪರ್ ಜತೆ ಅರಿಶಿನ, ಮಾವು ಬಳಸುತ್ತದೆ. ಜುನಿಪರಿನ ಸಂಸ್ಕೃತ ಹೆಸರೇ ಹಪುಷಾ. 2018ರಲ್ಲಿ ಬಂದ 'ಸ್ಟ್ರೇಂಜರ್ ಆ್ಯಂಡ್ ಸನ್ಸ್'ನಲ್ಲಿ ಗಂಧರಾಜ ನಿಂಬೆ, ಜಾಪತ್ರೆ ಇವೆ. ಅದೇ ವರ್ಷದ 'ಜೈಸಲ್ಮೇರ್'ನಲ್ಲಿ ಲಾವಂಚ, ಬಾಲಮೆಣಸು ಸೇರಿ 11 ಪದಾರ್ಥಗಳಿವೆ. 1948ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಕೂಡ 'ನೀಲಗಿರೀಸ್' ಜಿನ್‌ನಲ್ಲಿ ನೀಲಗಿರಿ ಚಹಾ, ವೀಳ್ಯದೆಲೆ ಬಳಸಿರುವುದು ಕನ್ನಡಿಗರಿಗೆ ಗಮನಾರ್ಹ.

ಆಂಧ್ರದಲ್ಲಿ ಏನಿಲ್ಲ?

ಇಂಥ ಸಾಮಗ್ರಿಗೆ ಆಂಧ್ರದಲ್ಲಿ ಬರವಿಲ್ಲ. ವಿಶಾಖಪಟ್ಟಣದ ಮೇಲಿನ ಅರಕು ಕಣಿವೆಯಲ್ಲಿ ಗಿರಿಜನರು ಕಾಫಿ ಬೆಳೆಯುತ್ತಾರೆ. ನೆರಳಿನ ಮರಗಳಿಗೆ ಕಾಳುಮೆಣಸು ಹಬ್ಬಿಸುತ್ತಾರೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಕಾಫಿಗಳ ಜತೆಗೇ ಅರಕು ಕಾಫಿಗೂ ಭೌಗೋಳಿಕ ಸೂಚಕ ಮಾನ್ಯತೆ ಬಂತು. ವಿಜಯವಾಡಕ್ಕೆ ಸಮೀಪದ ದುಗ್ಗಿರಾಲ ಅರಿಶಿನದ ಹೆಸರಾಂತ ಮಾರುಕಟ್ಟೆ. ನಿಂಬೆಗೆ ಗೂಡೂರು ಪ್ರಸಿದ್ಧ. ಕಾಡಿನಲ್ಲಿ ನನ್ನಾರಿ, ಅಂದರೆ ನಮ್ಮ ಸೊಗದೆ ಬೇರು ಸಿಗುತ್ತದೆ.

ಆದರೆ ಬೇರು ಅಗೆದವನಿಗೆ ಸಿಗುವ ಬೆಲೆ ಬೇರೆ, ಬಾಟಲಿಯ ಬೆಲೆ ಬೇರೆ. 1956ರಲ್ಲಿ ಸ್ಥಾಪನೆಯಾದ, ವಿಶಾಖಪಟ್ಟಣದಲ್ಲಿ ಕೇಂದ್ರ ಕಚೇರಿ ಹೊಂದಿರುವ ಗಿರಿಜನ ಸಹಕಾರ ನಿಗಮ ಕಾಡುತ್ಪನ್ನ, ಕಾಫಿಯನ್ನು ಗಿರಿಜನರಿಂದ ನೇರವಾಗಿ ಕೊಳ್ಳುತ್ತದೆ. ಜಿನ್ ತಯಾರಕರೂ ಇಂಥ ದಾರಿ ಹಿಡಿದರೆ ಮಾತ್ರ ಲೇಬಲಿನ ಮೇಲಿನ ಬೆಟ್ಟದ ಹೆಸರಿಗೆ ಅರ್ಥ.

ಹೆಂಗಸರ ಹೋರಾಟದ ನೆಲ

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರೋಸಮ್ಮ ಮತ್ತು ಹಳ್ಳಿಯ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತದ್ದು, ಅದು 1992ರಲ್ಲಿ ರಾಜ್ಯದಾದ್ಯಂತ ಹಬ್ಬಿದ್ದು ಈ ನೆಲದಲ್ಲೇ. 1993ರಲ್ಲಿ ಸಾರಾಯಿ, 1995ರಲ್ಲಿ ಎನ್.ಟಿ. ರಾಮರಾವ್ ಸರಕಾರದಿಂದ ಪೂರ್ಣ ಪಾನನಿಷೇಧ ಜಾರಿಯಾಯಿತು. 1997ರಲ್ಲಿ ನಿಷೇಧ ತೆರವಾಯಿತು. 2019ರಿಂದ ಸರಕಾರವೇ ಮದ್ಯದಂಗಡಿ ನಡೆಸಿ, 2024ರ ಅಕ್ಟೋಬರ್‌ನಲ್ಲಿ ಮತ್ತೆ ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಅಬಕಾರಿ ರಾಜ್ಯಗಳ ವಿಷಯವಾದ್ದರಿಂದ ಗೋವಾದಲ್ಲಿ ಸಿಗುವ ಬಾಟಲಿ ವಿಜಯವಾಡದಲ್ಲೂ ಸಿಗಬೇಕೆಂದಿಲ್ಲ. ಸಿಕ್ಕರೂ ಬೆಲೆ ಒಂದೇ ಇರದು.

ಲಾವಂಚ, ಅರಿಶಿನ ಹಾಕಿದ ಮಾತ್ರಕ್ಕೆ ಜಿನ್ ಕಷಾಯವಾಗುವುದಿಲ್ಲ. ಅದರಲ್ಲಿ ಶೇ. 40ರ ಆಸುಪಾಸು ಮದ್ಯಸಾರ ಇದ್ದೇ ಇರುತ್ತದೆ. ಸಾರಾಯಿಯಿಂದ ಮನೆ ಮುರಿದುಕೊಂಡವರಿಗೆ ಬಾಟಲಿಯ ಅಂದಚೆಂದದಿಂದ ಸಮಾಧಾನವಾಗದು. ಕುಡಿಯುವವರು ಮಿತಿ ತಿಳಿದಿರಲಿ. ಕುಡಿಯದವರಿಗೆ ಚಿಂತೆಯಿಲ್ಲ: ಗಿರಿಜನ ನಿಗಮದ ನನ್ನಾರಿ ಶರಬತ್ತಿಗೆ ನಿಂಬೆ ಹಿಂಡಿ, ಸೋಡಾ ಬೆರೆಸಿದರೆ ಅದೇ ಕಾಡಿನ ಪರಿಮಳ ಮನೆಮಂದಿಗೆಲ್ಲ ಸಿಗುತ್ತದೆ, ಬೇರು ಅಗೆದವನಿಗೂ ನಾಲ್ಕು ಕಾಸು ಸೇರುತ್ತದೆ.